ರೇಟು ಗೊತ್ತು, ಬಾಡಿಗೆ ಗೊತ್ತಿಲ್ಲ

ಯಲಹಂಕದ ಪುಟ್ಟೇನಹಳ್ಳಿಯ ಯಾವ ಅಡ್ಡರಸ್ತೆಗೆ ಕಾಲಿಟ್ಟರೂ ಮೂರು ಮನೆಗೊಂದು ಖಾಲಿ ಸೈಟು ಸಿಗುತ್ತದೆ. (ಜೆ.ಪಿ. ನಗರದ ಕಡೆಯ ಪುಟ್ಟೇನಹಳ್ಳಿ ಬೇರೆ. ಅಲ್ಲೂ ಒಂದು ಕೆರೆ ಇರುವುದರಿಂದ ಆಟೋದವರಿಗೆ ಬಿಡಿಸಿ ಹೇಳದಿದ್ದರೆ ಊರಿನ ಇನ್ನೊಂದು ತುದಿಯಲ್ಲಿ ಇಳಿಯಬೇಕಾದೀತು.) ಸೈಟಿನ ಸುತ್ತ ಎದೆಮಟ್ಟದ ಸಾಲಿಡ್ ಬ್ಲಾಕಿನ ಗೋಡೆ, ಇಲ್ಲವೇ ನಿಲ್ಲಿಸಿದ ಕಲ್ಲುಚಪ್ಪಡಿಗಳು. ಒಳಗೆ ಪಾರ್ಥೇನಿಯಂ, ಹರಳು ಗಿಡ, ಪಕ್ಕದ ಮನೆ ಕಟ್ಟಿದಾಗ ಸುರಿದುಹೋದ ಡೆಬ್ರಿ, ಮೂಲೆಯಲ್ಲಿ ಯಾರೋ ಎಸೆದ ಹಳೇ ಹಾಸಿಗೆ. ಗೋಡೆಯ ಮೇಲೆ ಕೆಂಪು ಬಣ್ಣದಲ್ಲಿ ‘ಈ ಸ್ವತ್ತು ಮಾರಾಟಕ್ಕಿಲ್ಲ, ಅತಿಕ್ರಮ ಪ್ರವೇಶ ಮಾಡಿದವರ ಮೇಲೆ ಕಾನೂನು ಕ್ರಮ’ ಎಂಬ ಬರಹ, ಅದರ ಕೆಳಗೊಂದು ಫೋನ್ ನಂಬರು. ಆ ನಂಬರಿನ ಮೇಲೆಯೇ ಬೋರ್‌ವೆಲ್ ಕೊರೆಯುವವರ ಪೋಸ್ಟರ್ ಅಂಟಿಕೊಂಡಿರುತ್ತದೆ.

ಈ ಸೈಟಿನ ರೇಟು ಕೇಳಿ ನೋಡಿ. ಎದುರಿನ ಬೇಕರಿಯವರಿಂದ ಹಿಡಿದು ಹಾಲು ಹಾಕುವ ಹುಡುಗನವರೆಗೆ ಎಲ್ಲರಿಗೂ ಬಾಯಿಪಾಠ. ಪೂರ್ವಕ್ಕೆ ಮುಖವಿದ್ದರೆ ಇಷ್ಟು, ಕಾರ್ನರ್ ಆದರೆ ಅಷ್ಟು, ಹೋದ ಯುಗಾದಿಗೆ ಎಷ್ಟಿತ್ತು, ಮೆಟ್ರೊ ಬಂದರೆ ಎಷ್ಟಾಗುತ್ತದೆ ಎಲ್ಲವೂ ಗೊತ್ತು. ಅದೇ ಸೈಟನ್ನು ತಿಂಗಳಿಗೆ ಎಷ್ಟಕ್ಕೆ ಬಾಡಿಗೆಗೆ ಕೊಡಬಹುದು ಎಂದು ಕೇಳಿದರೆ ಮಾತ್ರ ಮುಖ ಮುಖ ನೋಡುತ್ತಾರೆ. ಸೈಟು ಇರುವುದು ಮಾರಲು ಅಥವಾ ಮಕ್ಕಳಿಗೆ ಬಿಡಲು. ನಡುವಿನ ಹದಿನೈದು ಇಪ್ಪತ್ತು ವರ್ಷ ಅದಕ್ಕೊಂದು ಕೆಲಸ ಕೊಡಬಹುದೆಂಬ ಯೋಚನೆ ನಮ್ಮಲ್ಲಿ ಬಹುಮಂದಿಗೆ ಹೊಳೆಯುವುದೇ ಇಲ್ಲ. ಹೊಳೆದರೂ ಹೆದರಿಕೆ ತಡೆಯುತ್ತದೆ. ಈ ಹೆದರಿಕೆ ಸುಮ್ಮನೆ ಬಂದದ್ದಲ್ಲ, ಅದಕ್ಕೊಂದು ಚರಿತ್ರೆ ಇದೆ. ಆದರೆ ಅದು ಹುಟ್ಟಿದ ಕಾಲ ಮುಗಿದುಹೋಗಿದೆ, ಹೆದರಿಕೆ ಮಾತ್ರ ಉಳಿದಿದೆ ಎಂಬುದು ನನ್ನ ವಾದ.

ಮೊದಲು ಲೆಕ್ಕ. 40x60ರ ಒಂದು ಸೈಟು, 2,400 ಚದರಡಿ. ಚದರಡಿಗೆ 8,000 ರೂಪಾಯಿ ಎಂದು ಹಿಡಿಯೋಣ. ಇದು ಲೆಕ್ಕಕ್ಕಾಗಿ ಇಟ್ಟುಕೊಂಡ ಅಂಕಿ, ನಿಮ್ಮ ರಸ್ತೆಯ ದರ ನೀವು ಹಾಕಿಕೊಳ್ಳಿ. ಒಟ್ಟು ಬೆಲೆ 1 ಕೋಟಿ 92 ಲಕ್ಷ. ವರ್ಷಕ್ಕೆ ಶೇ 5ರಂತೆ ರೇಟು ಏರಿದರೂ ಯಜಮಾನರು ಮನೆಯಲ್ಲಿ ಕೂತೇ 9 ಲಕ್ಷ 60 ಸಾವಿರ ‘ಸಂಪಾದಿಸಿದರು’. ಇನ್ನು ಅದೇ ಸೈಟನ್ನು ನರ್ಸರಿಗೋ ಹಾರ್ಡ್‌ವೇರ್ ಅಂಗಡಿಯ ಸರಕು ಇಡಲೋ ತಿಂಗಳಿಗೆ 20,000ಕ್ಕೆ ಕೊಟ್ಟರೆ ವರ್ಷಕ್ಕೆ ಬರುವುದು 2 ಲಕ್ಷ 40 ಸಾವಿರ. ಬೆಲೆಯ ಶೇ ಒಂದೂಕಾಲು. ‘ಇಷ್ಟಕ್ಕೆ ಯಾರು ತಲೆ ಕೆಡಿಸಿಕೊಳ್ಳುತ್ತಾರೆ?’ ಎಂದು ಅವರು ಕೇಳಿದರೆ ತಪ್ಪು ಹೇಳಲಾಗದು.

ತಪ್ಪಿರುವುದು ಎರಡನ್ನೂ ಒಂದರ ಎದುರು ಒಂದು ಇಟ್ಟು ತೂಗುವುದರಲ್ಲಿ. ಬಾಡಿಗೆ ಬಂದ ಮಾತ್ರಕ್ಕೆ ರೇಟು ಏರುವುದು ನಿಲ್ಲುವುದಿಲ್ಲ. 9 ಲಕ್ಷ 60 ಸಾವಿರದ ಮೇಲೆ 2 ಲಕ್ಷ 40 ಸಾವಿರ ಕೂಡುತ್ತದೆ, ಅಷ್ಟೇ. ಹತ್ತು ವರ್ಷಕ್ಕೆ 24 ಲಕ್ಷ ಎಂದರೆ ಒಂದು ಮಗುವಿನ ಇಂಜಿನಿಯರಿಂಗ್ ಓದು, ಇಲ್ಲವೇ ಅದೇ ಸೈಟಿನ ಮೇಲೆ ಒಂದು ಅಂತಸ್ತಿನ ಮನೆಗೆ ಬೇಕಾದ ಹಣದ ದೊಡ್ಡ ಪಾಲು. ಖಾಲಿ ಬಿಟ್ಟರೆ ಇದು ಹೋಗುವುದಲ್ಲದೆ ಕೈಯಿಂದಲೂ ಹೋಗುತ್ತದೆ. ವರ್ಷವರ್ಷದ ತೆರಿಗೆ ಕಟ್ಟಬೇಕು, ಪಾಲಿಕೆಯವರು ನೋಟಿಸು ಕೊಟ್ಟಾಗ ಗಿಡ ಕಡಿಸಬೇಕು, ಬಿದ್ದ ಗೋಡೆ ಎತ್ತಿಸಬೇಕು, ಆಗಾಗ ಹೋಗಿ ‘ಇನ್ನೂ ಇದೆಯಾ’ ಎಂದು ನೋಡಿಕೊಂಡು ಬರಬೇಕು.

ಇನ್ನೊಂದು ಕಡೆ ಜಾಗ ಹುಡುಕುವವರ ಸಾಲೇ ಇದೆ. ದೊಡ್ಡಬಳ್ಳಾಪುರ ರಸ್ತೆಯಲ್ಲಿ ಒಂದು ಸುತ್ತು ಹಾಕಿ. ಗಿಡ ಮಾರುವವರು, ಹಳೇ ಕಾರು ಮಾರುವವರು, ಸಾಲಿಡ್ ಬ್ಲಾಕ್ ಅಚ್ಚು ಹಾಕುವವರು, ಟೆಂಪೊ ನಿಲ್ಲಿಸಲು ಜಾಗವಿಲ್ಲದೆ ರಸ್ತೆಯನ್ನೇ ಸ್ಟ್ಯಾಂಡ್ ಮಾಡಿಕೊಂಡವರು, ನೆಟ್ ಕಟ್ಟಿ ಹಸಿರು ಹಾಸಿ ಗಂಟೆ ಲೆಕ್ಕದಲ್ಲಿ ಕ್ರಿಕೆಟ್ ಆಡಿಸುವವರು, ಯಾದಗಿರಿ ರಾಯಚೂರಿನಿಂದ ಗಾರೆ ಕೆಲಸಕ್ಕೆ ಬಂದವರಿಗೆ ಶೆಡ್ ಹುಡುಕುವ ಮೇಸ್ತ್ರಿಗಳು. ಈಗ ಹತ್ತು ನಿಮಿಷದಲ್ಲಿ ದಿನಸಿ ತಲುಪಿಸುವ ಕಂಪನಿಗಳೂ ಸೇರಿವೆ. ಅವರಿಗೆ ಷೋರೂಮಿನ ಗಾಜು ಬೇಡ, ಮೇನ್ ರೋಡೇ ಆಗಬೇಕೆಂದಿಲ್ಲ, ಮೂರು ನಾಲ್ಕು ಸಾವಿರ ಚದರಡಿಯ ನೆಲಮಟ್ಟದ ಜಾಗ ಸಿಕ್ಕರೆ ಸಾಕು. ಬೇಕೆನ್ನುವವರೂ ಇದ್ದಾರೆ, ಜಾಗವೂ ಇದೆ. ನಡುವೆ ಅಡ್ಡ ನಿಂತಿರುವುದೇನು?

‘ಬಾಡ್ಗೆಗೆ ಕೊಟ್ರೆ ಬಿಡ್ಸಕ್ಕಾಗಲ್ಲ ಸ್ವಾಮಿ. ನಮ್ಮಪ್ಪ ಹಂಗೇ ನಾಲ್ಕೆಕರೆ ಕಳ್ಕೊಂಡ್ರು.’ ಈ ಭಾಗದ ಹಿರಿಯರ ಬಾಯಲ್ಲಿ ಈ ಮಾತು, ಎಕರೆ ಮಾತ್ರ ಬದಲಾಗಿ, ಎಷ್ಟು ಸಲ ಕೇಳಿದ್ದೇನೋ. ಇದರ ಹಿಂದೆ ಇರುವುದು 1974. ದೇವರಾಜ ಅರಸು ಸರ್ಕಾರ ತಂದ ಭೂ ಸುಧಾರಣೆ ತಿದ್ದುಪಡಿ ಆ ವರ್ಷದ ಮಾರ್ಚ್ 1ರಿಂದ ಜಾರಿಗೆ ಬಂತು. ಗೇಣಿಗೆ ಕೊಟ್ಟ ಜಮೀನೆಲ್ಲ ಸರ್ಕಾರಕ್ಕೆ ಸೇರಿ, ಉಳುತ್ತಿದ್ದವನು ಫಾರಂ ನಂಬರ್ 7 ತುಂಬಿ ಭೂ ನ್ಯಾಯಮಂಡಳಿಗೆ ಅರ್ಜಿ ಹಾಕಿಕೊಂಡರೆ ಅವನ ಹೆಸರಿಗಾಗುವ ವ್ಯವಸ್ಥೆ. ಕರಾವಳಿ ಮಲೆನಾಡಿನ ಸಾವಿರಾರು ಗೇಣಿದಾರ ಕುಟುಂಬಗಳು ತಲೆ ಎತ್ತಿ ನಿಂತದ್ದು ಇದರಿಂದಲೇ, ಅದರ ಬಗ್ಗೆ ಎರಡು ಮಾತಿಲ್ಲ. ಆದರೆ ಭೂಮಾಲೀಕನ ಮನೆಯಲ್ಲಿ ಅದು ಬಿಟ್ಟುಹೋದ ಪಾಠ ಬೇರೆ: ಇನ್ನೊಬ್ಬನನ್ನು ನೆಲಕ್ಕೆ ಇಳಿಸಿದೆಯೋ, ನೆಲ ಹೋಯಿತು.

ಅಂದಿನಿಂದ ಕೃಷಿ ಜಮೀನನ್ನು ಗೇಣಿಗೆ ಕೊಡುವುದಕ್ಕೇ ರಾಜ್ಯದಲ್ಲಿ ನಿಷೇಧ. ಸೈನಿಕರಂಥ ಕೆಲವರಿಗಷ್ಟೇ ವಿನಾಯಿತಿ. ಪಟ್ಟಣ ಸೇರಿದ ಮಗನಿಗೆ ಉಳಲು ಬಾರದು, ಉಳುವವನಿಗೆ ಕಾಗದ ಮಾಡಿ ಕೊಡುವ ಹಾಗಿಲ್ಲ. ಹಾಗಾಗಿ ಬೆಂಗಳೂರಿನ ಉತ್ತರಕ್ಕೆ, ಯಲಹಂಕದಿಂದ ದೇವನಹಳ್ಳಿ ದೊಡ್ಡಬಳ್ಳಾಪುರದವರೆಗೆ, ರಾಗಿ ಬೆಳೆಯುತ್ತಿದ್ದ ಹೊಲಗಳಿಗೆ ನೀಲಗಿರಿ ಬಂತು. ನೆಟ್ಟು ಮರೆತರೂ ನಡೆಯುತ್ತದೆ, ಐದಾರು ವರ್ಷಕ್ಕೊಮ್ಮೆ ಕಡಿದರಾಯಿತು, ಯಾರನ್ನೂ ಜಮೀನಿಗೆ ಇಳಿಸಬೇಕಿಲ್ಲ. ಊರಲ್ಲಿಲ್ಲದ ಮಾಲೀಕನಿಗೆ ಹೇಳಿ ಮಾಡಿಸಿದ ಬೆಳೆ. 2017ರಲ್ಲಿ ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸುವ ಹೊತ್ತಿಗೆ ಕೊಳವೆಬಾವಿಗಳು ಸಾವಿರ ಅಡಿ ದಾಟಿದ್ದವು. ಇದಕ್ಕೆಲ್ಲ ನೀಲಗಿರಿಯನ್ನು ಬೈಯುವವರು ಬಹಳ; ಗೇಣಿ ಕಾನೂನನ್ನು ಯಾರೂ ನೆನೆಯುವುದಿಲ್ಲ. 2016ರಲ್ಲಿ ನೀತಿ ಆಯೋಗ, ಮಾಲೀಕನ ಹಕ್ಕಿಗೆ ಧಕ್ಕೆ ಬಾರದಂತೆ ಜಮೀನು ಗೇಣಿಗೆ ಕೊಡಲು ಒಂದು ಮಾದರಿ ಕಾನೂನಿನ ಕರಡು ಮಾಡಿ ರಾಜ್ಯಗಳಿಗೆ ಕಳಿಸಿತು. 2020ರಲ್ಲಿ ನಮ್ಮ ಸರ್ಕಾರ 79ಎ, 79ಬಿ ಕಲಂಗಳನ್ನು ತೆಗೆದು ಯಾರು ಬೇಕಾದರೂ ಕೃಷಿ ಜಮೀನು ಕೊಳ್ಳಬಹುದೆಂದಿತು. ಕೊಳ್ಳುವುದಕ್ಕೆ ಬಾಗಿಲು ತೆರೆಯಿತು, ಗೇಣಿಗೆ ತೆರೆಯಲಿಲ್ಲ. ಇದು ನನಗೆ ಇಂದಿಗೂ ಅರ್ಥವಾಗದ ತರ್ಕ.

ಊರೊಳಗಿನ ಕಟ್ಟಡಗಳ ಹೆದರಿಕೆಗೆ ಕಾರಣ 1961ರ ಬಾಡಿಗೆ ನಿಯಂತ್ರಣ ಕಾಯ್ದೆ. ಆಗ ಬಾಡಿಗೆದಾರನನ್ನು ಬಿಡಿಸಬೇಕಾದರೆ ಕಾಯ್ದೆಯಲ್ಲಿ ಹೇಳಿದ ಕಾರಣಗಳಲ್ಲೊಂದನ್ನು ಕೋರ್ಟಿನಲ್ಲಿ ಸಾಬೀತು ಮಾಡಬೇಕಿತ್ತು. ಚಿಕ್ಕಪೇಟೆ, ಮಲ್ಲೇಶ್ವರದಲ್ಲಿ ತಾತ ಹೂಡಿದ ದಾವೆಯನ್ನು ಮೊಮ್ಮಗ ನಡೆಸಿದ ಮನೆಗಳಿವೆ. ಆ ಕಾಯ್ದೆ ಹೋಗಿ 1999ರ ಕಾಯ್ದೆ 2001ರ ಕೊನೆಯಲ್ಲಿ ಜಾರಿಗೆ ಬಂತು. ಬೆಂಗಳೂರಿನಂಥ ಊರಲ್ಲಿ ತಿಂಗಳ ಬಾಡಿಗೆ 3,500 ರೂಪಾಯಿ ದಾಟಿದರೆ ಅದು ಈ ಕಾಯ್ದೆಗೆ ಬರುವುದಿಲ್ಲ. ವ್ಯಾಪಾರದ ಜಾಗವಾದರೆ 14 ಚದರ ಮೀಟರು, ಅಂದರೆ ಸುಮಾರು 150 ಚದರಡಿ ದಾಟಿದರೆ ಸಾಕು, ಹೊರಗೆ. ಪುಟ್ಟೇನಹಳ್ಳಿಯಲ್ಲಿ 3,500ಕ್ಕೆ ಇವತ್ತು ಸಿಂಗಲ್ ರೂಮೂ ಸಿಗದು. ಹಾಗೆಂದರೆ ಇಲ್ಲಿನ ಹೆಚ್ಚುಕಡಿಮೆ ಎಲ್ಲ ಬಾಡಿಗೆಗಳೂ ನಡೆಯುವುದು ಇಬ್ಬರೂ ಒಪ್ಪಿ ಬರೆದುಕೊಂಡ ಕರಾರಿನ ಮೇಲೆ. ಅವಧಿ ಮುಗಿದ ಮೇಲೆ ನೋಟಿಸು ಕೊಟ್ಟು ಬಿಡಿಸುವ ಹಕ್ಕು ಮಾಲೀಕನಿಗಿದೆ. ಕೋರ್ಟಿಗೆ ಹೋದರೆ ತಡವಾಗುವುದಿಲ್ಲವೇ? ಆಗುತ್ತದೆ. ಆದರೆ ತಡವಾಗುವುದು ಬೇರೆ, ಕಳೆದುಕೊಳ್ಳುವುದು ಬೇರೆ.

ನಿಜಕ್ಕೂ ಕಳೆದುಕೊಳ್ಳುವವನು ಖಾಲಿ ಬಿಟ್ಟವನೇ. ಇನ್ನೊಬ್ಬರ ಜಾಗದಲ್ಲಿ ಮಾಲೀಕನ ಅಪ್ಪಣೆಯಿಲ್ಲದೆ, ಬಹಿರಂಗವಾಗಿ, ತನ್ನದೇ ಎಂಬಂತೆ 12 ವರ್ಷ ಕೂತವನು ಅದರ ಮೇಲೆ ಹಕ್ಕು ಹೇಳಲು ಕಾಲಮಿತಿ ಕಾಯ್ದೆಯಲ್ಲಿ ದಾರಿ ಇದೆ. ಇಲ್ಲಿ ‘ಅಪ್ಪಣೆಯಿಲ್ಲದೆ’ ಎಂಬುದೇ ಮುಖ್ಯ. ಕರಾರು ಬರೆದುಕೊಟ್ಟು ತಿಂಗಳ ಬಾಡಿಗೆ ಬ್ಯಾಂಕಿಗೆ ಹಾಕುವವನು ಅಪ್ಪಣೆ ಪಡೆದೇ ಕೂತಿದ್ದಾನೆ. ಅವನು ಎಷ್ಟು ವರ್ಷ ಇದ್ದರೂ ಬಾಡಿಗೆದಾರನೇ. ಬಾಡಿಗೆಗಿರುವಷ್ಟು ಕಾಲ, ನನಗೆ ಜಾಗ ಕೊಟ್ಟವನು ಮಾಲೀಕನೇ ಅಲ್ಲ ಎನ್ನಲು ಸಾಕ್ಷ್ಯ ಕಾನೂನು ಬಿಡುವುದಿಲ್ಲ. ಯಾರೂ ಇಲ್ಲದ ಸೈಟಿಗೆ ರಾತ್ರೋರಾತ್ರಿ ಶೀಟಿನ ಶೆಡ್ ಬರುತ್ತದೆ, ಸುಳ್ಳು ಜಿಪಿಎ ಹುಟ್ಟುತ್ತದೆ, ಒಂದೇ ಸೈಟು ಮೂವರಿಗೆ ಮಾರಾಟವಾಗುತ್ತದೆ. ಅಮೆರಿಕದಲ್ಲಿರುವ ಮಗ ಊರಿಗೆ ಬಂದು ನೋಡಿದರೆ ಅಲ್ಲಿ ಗೃಹಪ್ರವೇಶ ಮುಗಿದಿರುತ್ತದೆ. ಕಬ್ಜಾಕ್ಕೆ ಹೆದರಿ ಖಾಲಿ ಬಿಡುತ್ತೇವೆ ಎನ್ನುವವರು ಕಬ್ಜಾ ಮಾಡುವವನಿಗೆ ಬೇಕಾದ್ದನ್ನೇ ಮಾಡಿಕೊಡುತ್ತಿದ್ದಾರೆ. ದಿನಾ ಬೆಳಿಗ್ಗೆ ಬೀಗ ತೆಗೆದು ಗಿಡಕ್ಕೆ ನೀರು ಹಾಕುವ ನರ್ಸರಿಯವನು ಆ ಕೆಂಪಕ್ಷರದ ಬೋರ್ಡಿಗಿಂತ ಎಷ್ಟೋ ಪಾಲು ಮೇಲು, ಅವನು ಕಾಸನ್ನೂ ಕೊಡುತ್ತಾನೆ.

ಇನ್ನು ಕಾಗದ. ಇದು ಹೆದರಿಕೆಯಲ್ಲ, ನಿಜವಾದ ತೊಡಕು. ನಗರದ ಅಂಚಿನ ಹಳ್ಳಿಗಳಂತೆ ಈ ಸುತ್ತಿನಲ್ಲೂ ಸೈಟುಗಳಲ್ಲಿ ಬಹುಪಾಲು ರೆವಿನ್ಯೂ ಸೈಟು. ಜಮೀನಿಗೆ ಡಿಸಿ ಕನ್ವರ್ಷನ್ ಆಗಿದ್ದರೆ ಲೇಔಟಿಗೆ ಅನುಮೋದನೆ ಇಲ್ಲ, ಅನುಮೋದನೆ ಇದ್ದರೆ ಅಣ್ಣತಮ್ಮಂದಿರ ಪಾಲಿನ ದಾವೆ ಮುಗಿದಿಲ್ಲ. ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತದಲ್ಲಿ ಸಮಪಾಲು ಎಂದು ಕರ್ನಾಟಕ 1994ರಲ್ಲೇ ಕಾನೂನು ಮಾಡಿತು, 2005ರಲ್ಲಿ ಇಡೀ ದೇಶಕ್ಕೆ ಬಂತು, 2020ರಲ್ಲಿ ಸುಪ್ರೀಂ ಕೋರ್ಟ್ ಉಳಿದ ಅನುಮಾನವನ್ನೂ ತೀರಿಸಿತು. ಆದರೂ ತಂಗಿಯ ಸಹಿ ಹಾಕಿಸದೆ ಮಾರಿದ ಸೈಟುಗಳು ಇನ್ನೂ ಕೋರ್ಟಿನಲ್ಲಿವೆ, ಅವುಗಳ ಗೋಡೆಯ ಮೇಲೆ ದಾವೆಯ ಓಎಸ್ ನಂಬರು ಬರೆದಿದೆ.

ಇಂಥ ಸೈಟಿಗೆ ಸಿಗುವ ಬಿ ಖಾತೆಯ ಮೇಲೆ ನಕ್ಷೆ ಮಂಜೂರಾಗದು, ದೊಡ್ಡ ಬ್ಯಾಂಕು ಸಾಲ ಕೊಡದು. ಒಂದೇ ರಸ್ತೆಯ ಎದುರುಬದುರು ಎರಡು ಕಟ್ಟಡ, ಒಂದಕ್ಕೆ ಕಾಗದ ನೆಟ್ಟಗಿದೆ, ಇನ್ನೊಂದಕ್ಕಿಲ್ಲ ಎಂದುಕೊಳ್ಳಿ. ಮೊದಲನೆಯದಕ್ಕೆ ಕಂಪನಿಯೋ ಬ್ಯಾಂಕಿನ ಶಾಖೆಯೋ ಬಂದು ಒಂಬತ್ತು ವರ್ಷಕ್ಕೆ ರಿಜಿಸ್ಟರ್ ಲೀಸ್ ಮಾಡಿಕೊಳ್ಳುತ್ತದೆ. ಎರಡನೆಯದು ಭೋಗ್ಯಕ್ಕೋ ಹನ್ನೊಂದು ತಿಂಗಳ ಕರಾರಿಗೋ ಸೇರುತ್ತದೆ, ಇಲ್ಲವೇ ಷಟರ್ ಮೇಲೆ ‘ಟು ಲೆಟ್’ ಅಂಟಿಸಿಕೊಂಡು ಕಾಯುತ್ತದೆ. ಕಟ್ಟಡ ಮುಗಿದರೂ ವಾಸಯೋಗ್ಯ ಪ್ರಮಾಣಪತ್ರವಿಲ್ಲದೆ ವಿದ್ಯುತ್, ನೀರು ಕೊಡಬಾರದೆಂದು 2024ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲಂತೂ, ಪ್ಲಾನ್ ಮೀರಿ ಕಟ್ಟಿದವರು ಮೀಟರಿಗಾಗಿ ಬೆಸ್ಕಾಂ ಕಚೇರಿ ಸುತ್ತುವಂತಾಯಿತು. 2025ರಲ್ಲಿ ರಾಜ್ಯ ಸರ್ಕಾರ 30x40ರ ಒಳಗಿನ ಮನೆಗಳಿಗೆ ವಿನಾಯಿತಿ ಕೊಟ್ಟಿತು, ಶುಲ್ಕ ಕಟ್ಟಿಸಿಕೊಂಡು ಬಿ ಖಾತೆಯನ್ನು ಎ ಖಾತೆ ಮಾಡಿಕೊಡುವ ಯೋಜನೆಯನ್ನೂ ಘೋಷಿಸಿತು. ಕಾಗದ ಸರಿಮಾಡಿಕೊಳ್ಳುವ ಖರ್ಚನ್ನು ದಂಡವೆಂದು ಗೊಣಗುವವರು, ಅದು ಮುಂದಿನ ಇಪ್ಪತ್ತು ವರ್ಷದ ಬಾಡಿಗೆಯ ದರವನ್ನೇ ಬದಲಿಸುತ್ತದೆ ಎಂಬುದನ್ನು ಲೆಕ್ಕ ಹಾಕಿದಂತೆ ಕಾಣುವುದಿಲ್ಲ.

ಮಾಲೀಕರನ್ನೇ ದೂರಿದರೆ ಸರ್ಕಾರಕ್ಕೆ ನಗು ಬಂದೀತು. ಪುಟ್ಟೇನಹಳ್ಳಿಯ ಆಚೆ ರಾಮಗೊಂಡನಹಳ್ಳಿ, ವೀರಸಾಗರ, ಆವಲಹಳ್ಳಿ, ಹಾರೋಹಳ್ಳಿಗಳಿವೆ. 2008ರ ಡಿಸೆಂಬರ್ 30ರಂದು ಬಿಡಿಎ ಇವೂ ಸೇರಿದಂತೆ 17 ಹಳ್ಳಿಗಳ 3,546 ಎಕರೆಯನ್ನು ಡಾ. ಕೆ. ಶಿವರಾಮ ಕಾರಂತ ಬಡಾವಣೆಗೆಂದು ಅಧಿಸೂಚಿಸಿತು. (ಕೋಟದ ಕಾರಂತರಿಗೂ ಯಲಹಂಕದ ಈ ಹೊಲಗಳಿಗೂ ಏನು ನಂಟೋ, ಬಿಡಿಎಗೇ ಗೊತ್ತು.) ಅಲ್ಲಿಂದ ಹತ್ತು ವರ್ಷ ಏನೂ ಆಗಲಿಲ್ಲ. ಏನೂ ಆಗಲಿಲ್ಲ ಎಂದರೆ, ಮಾಲೀಕ ಮಾರುವಂತಿಲ್ಲ, ಕಟ್ಟುವಂತಿಲ್ಲ, ಸಾಲ ತೆಗೆಯುವಂತಿಲ್ಲ. ಪರಿಹಾರವೂ ಕೈಗೆ ಬಂದಿಲ್ಲ. ಕೆಲವರ ಜಮೀನನ್ನು ಕೈಬಿಡಲಾಯಿತು, ಹೈಕೋರ್ಟು ಅಧಿಸೂಚನೆ ರದ್ದು ಮಾಡಿತು, ಜನ ಸೈಟು ಕೊಂಡು ಮನೆ ಕಟ್ಟಿದರು. 2018ರ ಆಗಸ್ಟ್ 3ರಂದು ಸುಪ್ರೀಂ ಕೋರ್ಟ್ ಎಲ್ಲವನ್ನೂ ಮತ್ತೆ ಮೊದಲಿಗೆ ತಂದು ನಿಲ್ಲಿಸಿತು. ಕಟ್ಟಿಹೋದ ಮನೆಗಳಲ್ಲಿ ಯಾವುದನ್ನು ಸಕ್ರಮ ಮಾಡಬಹುದೆಂದು ನೋಡಲು 2020ರ ಕೊನೆಯಲ್ಲಿ ನಿವೃತ್ತ ನ್ಯಾಯಮೂರ್ತಿ ಎ.ವಿ. ಚಂದ್ರಶೇಖರ್ ಅವರ ಸಮಿತಿ ಬಂತು. ಜಮೀನು ಬಿಟ್ಟುಕೊಟ್ಟ ರೈತನಿಗೆ ಹಣ ಬೇಡವೆಂದರೆ ಎಕರೆಗೆ 9,583 ಚದರಡಿ ಅಭಿವೃದ್ಧಿಪಡಿಸಿದ ಜಾಗ. ಕೇಳಲು ಚೆನ್ನಾಗಿದೆ. ಆದರೆ 2008ರಲ್ಲಿ ಐವತ್ತು ದಾಟಿದ್ದ ಯಜಮಾನನ ವಯಸ್ಸು ಈಗೆಷ್ಟು ಎಂದು ಯೋಚಿಸಿ.

ಪೆರಿಫೆರಲ್ ರಿಂಗ್ ರೋಡಿನ ಕತೆ ಇದಕ್ಕಿಂತ ಹಳೆಯದು. ತುಮಕೂರು ರಸ್ತೆಯಿಂದ ಬಳ್ಳಾರಿ ರಸ್ತೆ ಹಾದು ಹೊಸೂರು ರಸ್ತೆಗೆ ಹೋಗಬೇಕಾದ ಆ ದಾರಿಗೆ ಅಧಿಸೂಚನೆ ಹೊರಟದ್ದು 2005ರಿಂದ 2007ರ ನಡುವೆ. ಈಗ ಹೆಸರು ಬೆಂಗಳೂರು ಬಿಸಿನೆಸ್ ಕಾರಿಡಾರ್. ಹೆಸರು ಬದಲಾಯಿಸಿದಷ್ಟು ಬೇಗ ರಸ್ತೆ ಆಗಿದ್ದರೆ ಎಷ್ಟೋ ಚೆನ್ನಾಗಿತ್ತು. ನಗರ ಬೆಳೆಯುತ್ತಿರುವುದೂ 2007ರಲ್ಲಿ ಒಪ್ಪಿದ, 2015ಕ್ಕೆ ಮುಗಿಯಬೇಕಾಗಿದ್ದ ಮಾಸ್ಟರ್ ಪ್ಲಾನಿನ ಮೇಲೆಯೇ. ಕೆರೆಯ ಪಕ್ಕದ ಸೈಟಿನವರ ಪಾಡು ಇನ್ನೊಂದು ಬಗೆ. 2016ರ ಮೇ ತಿಂಗಳಲ್ಲಿ ಹಸಿರು ನ್ಯಾಯಮಂಡಳಿ ಬೆಂಗಳೂರಿನ ಕೆರೆಗಳ ಅಂಚಿನಿಂದ 75 ಮೀಟರ್ ಬಿಡಬೇಕೆಂದಿತು, 2019ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟ್ ಅದನ್ನು ತೆಗೆದು ಹಳೆಯ 30 ಮೀಟರಿಗೇ ತಂದಿತು. ಈ ಮೂರು ವರ್ಷ 30ಕ್ಕೂ 75ಕ್ಕೂ ನಡುವೆ ಸಿಕ್ಕಿದವರು ಅಡಿಪಾಯ ತೋಡಿದ ಗುಂಡಿಯಲ್ಲಿ ಮಳೆನೀರು ನಿಲ್ಲುವುದನ್ನು ನೋಡುತ್ತ ಕೂತರು.

ಇಲ್ಲೊಂದು ಮಾತು ಸ್ಪಷ್ಟ ಮಾಡಬೇಕು. ಜಾಗವನ್ನು ಬಳಸಿ ಎಂದಾಕ್ಷಣ ಪುಟ್ಟೇನಹಳ್ಳಿ ಕೆರೆಯ ಕಡೆ ಕಣ್ಣು ಹಾಯಿಸುವವರಿದ್ದಾರೆ. 2015ರಲ್ಲಿ ಅದನ್ನು ಪಕ್ಷಿ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸಲಾಗಿದೆ. ಆ ನೆಲ ಖಾಲಿ ಬಿದ್ದಿಲ್ಲ. ಸುತ್ತಲಿನ ಕೊಳವೆಬಾವಿಗಳು ಏನಾದರೂ ಉಸಿರಾಡುತ್ತಿದ್ದರೆ ಅದರಿಂದಲೇ. ಅದರ ಬಗ್ಗೆ ನನ್ನ ವಾದ ಇಷ್ಟೇ, ಮುಂದಕ್ಕೆ ಹೋಗೋಣ.

ಸರ್ಕಾರಿ ಸಂಸ್ಥೆಯೂ ಮನಸ್ಸು ಮಾಡಿದರೆ ಜಾಗವನ್ನು ಬಳಸಬಲ್ಲದು ಎನ್ನಲು ಯಲಹಂಕದಲ್ಲೇ ಒಂದು ಉದಾಹರಣೆ ಇದೆ. ಕೆಪಿಸಿಎಲ್ 1990ರ ದಶಕದಲ್ಲಿ ಇಲ್ಲೊಂದು ಡೀಸೆಲ್ ವಿದ್ಯುತ್ ಸ್ಥಾವರ ಹಾಕಿತ್ತು. ದುಬಾರಿ ವಿದ್ಯುತ್, ಹೊಗೆ, ಸದ್ದು, ಕೊನೆಗೆ ನಿಂತಿತು. ಜಾಗವನ್ನು ಪಾಳು ಬಿಡದೆ ಅದೇ ಆವರಣದಲ್ಲಿ 370 ಮೆಗಾವಾಟಿನ ಅನಿಲ ಸ್ಥಾವರ ಕಟ್ಟಿದರು. ದಾಭೋಲ್‌ನಿಂದ ಬೆಂಗಳೂರಿಗೆ ಅನಿಲದ ಕೊಳವೆ 2013ರಲ್ಲೇ ಬಂದಿತ್ತು. 2020ರ ಅಕ್ಟೋಬರಿನಲ್ಲಿ ಪರೀಕ್ಷೆಯ ವೇಳೆ ಬೆಂಕಿ ಬಿದ್ದು ವರ್ಷಗಟ್ಟಲೆ ತಡವಾಗಿ, 2024ರ ಸೆಪ್ಟೆಂಬರಿನಲ್ಲಿ ಉದ್ಘಾಟನೆಯಾಯಿತು. ಜನವಸತಿಯ ನಡುವೆ ಇದು ಬೇಕಿತ್ತೇ ಎಂಬ ನಿವಾಸಿಗಳ ಆಕ್ಷೇಪ ನ್ಯಾಯವಾದದ್ದೇ. ಹೊಸದಾಗಿ ರೈತರ ಜಮೀನು ಕೇಳಲಿಲ್ಲ ಎಂಬುದನ್ನಾದರೂ ಒಪ್ಪಬೇಕು.

ಇದಕ್ಕೆ ಎದುರಾಗಿ ಯಶವಂತಪುರದ ಕಡೆ ಬನ್ನಿ. ಕಿರ್ಲೋಸ್ಕರ್ ಕಾರ್ಖಾನೆ ಇದ್ದ ನೆಲದಲ್ಲಿ ಇಂದು ಬ್ರಿಗೇಡ್ ಗೇಟ್‌ವೇ, ಓರಾಯನ್ ಮಾಲ್ ಇವೆ. ಮಲ್ಲೇಶ್ವರದ ರಾಜಾ ಮಿಲ್ಲಿನ ಜಾಗದಲ್ಲಿ ಮಂತ್ರಿ ಸ್ಕ್ವೇರ್ ಎದ್ದಿದೆ. ಖಾಸಗಿಯವರು ಹೀಗೆ ಮಾಡಿ ಮುಗಿಸಿದಾಗ, ಕೂಗಳತೆಯ ಮೈಸೂರು ಲ್ಯಾಂಪ್ಸ್ ಆವರಣ 2003ರಲ್ಲಿ ಕಾರ್ಖಾನೆ ನಿಂತ ಮೇಲೆ ಎರಡು ದಶಕ ಸಮಿತಿ, ಪ್ರಸ್ತಾವ, ಮರುಪ್ರಸ್ತಾವಗಳಲ್ಲಿ ಕಳೆಯಿತು. ಬಿಎಂಟಿಸಿ ನರ್ಮ್ ಯೋಜನೆಯಲ್ಲಿ ಶಾಂತಿನಗರ, ಜಯನಗರ, ಯಶವಂತಪುರ ಮುಂತಾದೆಡೆ ಬಸ್ ನಿಲ್ದಾಣದ ಮೇಲೆ ವಾಣಿಜ್ಯ ಮಹಡಿಗಳಿರುವ ಟಿಟಿಎಂಸಿಗಳನ್ನು ಕಟ್ಟಿತು. ಮೇಲಿನ ಬಾಡಿಗೆಯಿಂದ ಕೆಳಗಿನ ಬಸ್ಸು ಓಡಲಿ ಎಂಬುದು ಉದ್ದೇಶ. ಆದರೆ ಹಲವು ಕಡೆ ಮಹಡಿಗಳು ವರ್ಷಗಟ್ಟಲೆ ಖಾಲಿ ಉಳಿದವು. ಟೆಂಡರ್ ಕರೆದರು, ಯಾರೂ ಬರಲಿಲ್ಲ, ಮತ್ತೆ ಕರೆದರು. ಕೇಳಿದ ದರಕ್ಕೆ ಜನ ಬಾರದಿದ್ದರೆ ದರ ಇಳಿಸುವ ಅಂಗಡಿಯವನ ಬುದ್ಧಿ ಸರ್ಕಾರಿ ಕಡತಕ್ಕೆ ಬರುವುದಿಲ್ಲ. ಕಡಿಮೆಗೆ ಕೊಟ್ಟ ಅಧಿಕಾರಿಯನ್ನು ಆಡಿಟ್ ಕೇಳುತ್ತದೆ, ಖಾಲಿ ಬಿಟ್ಟವನನ್ನು ಅಷ್ಟಾಗಿ ಕೇಳುವುದಿಲ್ಲ.

ದೊಡ್ಡವರ ಮಾತು ಸಾಕು. ಜಾಗ ಬಳಸುವುದರಲ್ಲಿ ಬೆಂಗಳೂರು ಯಾರಿಂದಲೂ ಕಲಿಯಬೇಕಾದ್ದಿಲ್ಲ. 1983ರಲ್ಲಿ ಆರ್. ಪ್ರಭಾಕರ್ ಜಯನಗರದಲ್ಲಿ ಕೆಫೆ ದರ್ಶಿನಿ ಎಂಬ ಹೋಟೆಲು ತೆರೆದಾಗ ಕುರ್ಚಿಯನ್ನೇ ತೆಗೆದುಹಾಕಿದರು. ಕೂತರೆ ಮುಕ್ಕಾಲು ಗಂಟೆ ಹಿಡಿಯುವ ಗಿರಾಕಿ ನಿಂತರೆ ಹತ್ತು ನಿಮಿಷದಲ್ಲಿ ಇಡ್ಲಿ ವಡೆ ಕಾಫಿ ಮುಗಿಸಿ ಜಾಗ ಬಿಡುತ್ತಾನೆ. ಅಷ್ಟೇ ಚದರಡಿ, ಅಷ್ಟೇ ಬಾಡಿಗೆ, ಗಿರಾಕಿ ಹಲವು ಪಟ್ಟು. ಅದಕ್ಕೇ ದರವನ್ನೂ ಇಳಿಸಲು ಸಾಧ್ಯವಾಯಿತು. ಮೂಲೆ ಮೂಲೆಗೂ ದರ್ಶಿನಿ ಹಬ್ಬಿದ್ದು ಈ ಲೆಕ್ಕದಿಂದ.

ಅದೇ ಬುದ್ಧಿ ಕಲ್ಯಾಣ ಮಂಟಪಗಳಿಗೆ ಯಾಕೆ ಬಾರದೋ. ಆಷಾಢ, ಧನುರ್ಮಾಸದಲ್ಲಿ ಬಾಗಿಲು ಹಾಕಿದರೆ ತೆಗೆಯುವುದು ಮುಹೂರ್ತ ಬಂದ ಮೇಲೆಯೇ. ಹೆಚ್ಚೆಂದರೆ ಸೀರೆ ಸೇಲು ಬಂದೀತು. ನೂರಿನ್ನೂರು ಕುರ್ಚಿ, ಅಡುಗೆಮನೆ, ಜನರೇಟರು, ಪಾರ್ಕಿಂಗ್ ಎಲ್ಲ ಇರುವ ಕಟ್ಟಡ ವಾರದ ದಿನಗಳಲ್ಲಿ ಬೀಗ ಹಾಕಿಕೊಂಡಿದ್ದರೆ, ಪಕ್ಕದ ಬೀದಿಯಲ್ಲಿ ಕೆಎಎಸ್ ಪರೀಕ್ಷೆಗೆ ಓದುವ ಹುಡುಗರು ಪಿಜಿಯ ಮೆಟ್ಟಿಲ ಮೇಲೆ ಕೂತಿರುತ್ತಾರೆ. ಅಡುಗೆಮನೆಯೊಂದನ್ನೇ ಬೆಳಗಿನ ಹೊತ್ತು ಟಿಫಿನ್ ಡಬ್ಬಿ ಕಳಿಸುವ ಹೆಣ್ಣುಮಕ್ಕಳಿಗೆ ಕೊಟ್ಟರೂ ಕರೆಂಟು ಬಿಲ್ಲು ಹುಟ್ಟುತ್ತದೆ.

ಹಾಗೆಯೇ ತಾರಸಿ. ಬೆಂಗಳೂರಿನ ವಾರ್ಷಿಕ ಮಳೆ ಸುಮಾರು 970 ಮಿಲಿಮೀಟರು. 1,200 ಚದರಡಿಯ ತಾರಸಿಯ ಮೇಲೆ ವರ್ಷಕ್ಕೆ ಬೀಳುವ ನೀರು ಒಂದು ಲಕ್ಷ ಲೀಟರು ದಾಟುತ್ತದೆ. 2024ರ ಮಾರ್ಚಿನ ಬರದಲ್ಲಿ ಜಿಲ್ಲಾಡಳಿತ ಐದು ಕಿಲೋಮೀಟರಿನೊಳಗೆ 6,000 ಲೀಟರಿನ ಟ್ಯಾಂಕರಿಗೆ 600 ರೂಪಾಯಿ ಎಂದು ಗೊತ್ತುಮಾಡಿತು. ಆ ಲೆಕ್ಕದಲ್ಲಿ ಹದಿನೇಳು ಹದಿನೆಂಟು ಟ್ಯಾಂಕರು, ಹತ್ತು ಸಾವಿರಕ್ಕೂ ಮಿಕ್ಕು. ಎಲ್ಲವನ್ನೂ ಹಿಡಿಯಲಾಗದು, ಅರ್ಧ ಹಿಡಿದರೂ ಬಂತು. ಮಳೆನೀರು ಸಂಗ್ರಹ 2009ರಿಂದಲೇ ಕಡ್ಡಾಯ. ಆದರೂ ಪೈಪನ್ನು ಚರಂಡಿಗೆ ಬಿಟ್ಟು ದಂಡ ಕಟ್ಟುವವರಿದ್ದಾರೆ. ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವಾಟಿನ ಸೋಲಾರಿಗೆ ಕೇಂದ್ರ 78,000 ರೂಪಾಯಿ ಸಹಾಯಧನ ಕೊಡುತ್ತದೆ. ಗೃಹಜ್ಯೋತಿಯಿಂದ ಬಿಲ್ಲು ಸೊನ್ನೆಯಾದ ಮನೆಗೆ ಅದು ಬೇಕೆನಿಸದಿರುವುದು ಸಹಜ. ಆದರೆ ಪೂರ್ತಿ ಬಿಲ್ಲು ಕಟ್ಟುವ ಗೋದಾಮು, ವರ್ಕ್‌ಷಾಪು, ಶಾಲೆಗಳ ವಿಶಾಲ ಸೂರು ಸುಮ್ಮನೆ ಬಿಸಿಲು ಕಾಯುವುದಕ್ಕೆ ಕಾರಣ ನನಗಂತೂ ಕಾಣುವುದಿಲ್ಲ.

ಸೈಟನ್ನು ಕೊಡುವ ಮನಸ್ಸಾದವರಿಗೆ ಕೆಲವು ವಿಷಯ. ಬಾಯಿಮಾತಿಗೆ ಕೊಡಬೇಡಿ, ನೆಂಟರಿಗೂ. ಒಂದು ವರ್ಷ ಮೀರಿದ ಲೀಸಾದರೆ ರಿಜಿಸ್ಟರ್ ಆಗಲೇಬೇಕು. ಆ ಖರ್ಚು ಉಳಿಸಲೆಂದೇ ಎಲ್ಲರೂ ಹನ್ನೊಂದು ತಿಂಗಳು ಬರೆಯುತ್ತಾರೆ, ಆದರೆ ಶೆಡ್ ಹಾಕಿ ಬಂಡವಾಳ ತೊಡಗಿಸುವ ವ್ಯಾಪಾರಿ ಹನ್ನೊಂದು ತಿಂಗಳಿಗೆ ಒಳ್ಳೆಯ ಬಾಡಿಗೆ ಕೊಡುವುದಿಲ್ಲ. ಮೂರೋ ಐದೋ ವರ್ಷಕ್ಕೆ ರಿಜಿಸ್ಟರ್ ಮಾಡಿಸಿ, ವರ್ಷವರ್ಷ ಎಷ್ಟು ಏರಿಕೆ ಎಂದು ಅದರಲ್ಲೇ ಬರೆಸಿ. ಸೈಟು ಮಾರುವ ಹಾಗಾದರೆ ಎಷ್ಟು ತಿಂಗಳ ನೋಟಿಸು ಎಂಬುದೂ ಅದರಲ್ಲಿರಲಿ. ಪಿಲ್ಲರ್ ಎತ್ತಿ ಕಾಂಕ್ರೀಟು ಹಾಕುವಂತಿಲ್ಲ, ಬೋಲ್ಟು ಬಿಚ್ಚಿ ಒಯ್ಯುವಂಥ ಶೆಡ್ ಮಾತ್ರ. ನಿಮ್ಮ ರಸ್ತೆಯಲ್ಲಿ ಆ ವ್ಯಾಪಾರಕ್ಕೆ ಅವಕಾಶ ಇದೆಯೇ, ಟ್ರೇಡ್ ಲೈಸೆನ್ಸ್ ಸಿಗುತ್ತದೆಯೇ ಎಂದು ಮೊದಲೇ ನೋಡಿ. ಬಾಡಿಗೆ ಬ್ಯಾಂಕಿನ ಮೂಲಕವೇ ಬರಲಿ. ಕರೆಂಟು ಮೀಟರು, ತೆರಿಗೆ ರಸೀದಿ ಎರಡೂ ನಿಮ್ಮ ಹೆಸರಿನಲ್ಲೇ ಇರಲಿ. ‘ನಾನೇ ಕಟ್ಕೋತೀನಿ ಬಿಡಿ ಅಣ್ಣ’ ಎಂದು ಬಾಡಿಗೆದಾರ ಎಷ್ಟೇ ವಿನಯದಿಂದ ಹೇಳಿದರೂ ತೆರಿಗೆಯನ್ನು ಅವನ ಹೆಸರಲ್ಲಿ ಕಟ್ಟಲು ಬಿಡಬೇಡಿ. ಜಾಗ ಕೊಡುವ ದಿನ ನಾಲ್ಕು ಮೂಲೆಯ ಕಲ್ಲು ಕಾಣುವಂತೆ ಫೋಟೊ ತೆಗೆದು, ಕರಾರಿನ ಪುಟಗಳ ಜೊತೆಗೆ ಅದಕ್ಕೂ ಇಬ್ಬರ ಸಹಿ ಹಾಕಿಸಿ ಇಟ್ಟುಕೊಳ್ಳಿ.